ಪರದೇಶದ ಹುಡುಗಿಗೆ ಕೋಣೆ ಹುಡುಕಿದ್ದು

ವಡೋದರಾದಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದರೆ ಮೊದಲು ನಿಮ್ಮ ಹೆಸರು ಕೇಳುವುದಿಲ್ಲ. ಏನು ತಿನ್ನುತ್ತೀರಿ ಎಂದು ಕೇಳುತ್ತಾರೆ. ಆಮೇಲೆ ಮನೆಗೆ ಯಾರು ಯಾರು ಬಂದು ಹೋಗುತ್ತಾರೆ ಎಂದು. ಬಾಡಿಗೆಯ ಮಾತು ಬರುವಷ್ಟರಲ್ಲಿ ಅರ್ಧ ಜನ ಮೆಟ್ಟಿಲು ಇಳಿದಿರುತ್ತಾರೆ. ನಾನೂ ನನ್ನ ಗಂಡನೂ ಹಾಗೆ ಇಳಿದವರೇ. ಅವರು ರೈಲ್ವೆಯಲ್ಲಿ ಫಿಟ್ಟರ್ ಇದ್ದರು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಾಗ, ಕ್ವಾರ್ಟರ್ಸ್ ಸಿಗುವ ತನಕ ಎರಡು ತಿಂಗಳು ಮನೆ ಹುಡುಕಿದೆವು. ಒಬ್ಬಾಕೆ ಉಳ್ಳಾಗಡ್ಡಿ ತಿನ್ನುತ್ತೀರಾ ಎಂದು ಕೇಳಿದಳು. ಉಳ್ಳಾಗಡ್ಡಿ ಇಲ್ಲದೆ ಜೋಳದ ರೊಟ್ಟಿ ಗಂಟಲಿನಲ್ಲಿ ಹೆಂಗ ಇಳಿಯುತ್ತದೆ ಎಂದು ನಾನು ತಿರುಗಿ ಕೇಳಿದೆ. ಆ ಮನೆ ಅಲ್ಲಿಗೇ ಹೋಯಿತು. ನನ್ನ ಬಾಯಿಂದ ಹೋದ ಮನೆ ಅದೊಂದೇ ಅಲ್ಲ.

ಈಗ ಬರೆಯುತ್ತಿರುವುದು ನನ್ನ ಮನೆಯ ಮಾತಲ್ಲ, ನನ್ನಲ್ಲಿ ಊಟಕ್ಕೆ ಬರುತ್ತಿದ್ದ ಒಬ್ಬ ಪರದೇಶದ ಹುಡುಗಿಯ ಮಾತು.

ಗಂಡ ತೀರಿದ ಮೇಲೆ ನಾನು ಫತೇಗಂಜ್‌ನಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ ಬಾಡಿಗೆಗೆ ಹಿಡಿದು ಊಟ ಹಾಕಲು ಶುರು ಮಾಡಿದೆ. ಬ್ಯಾಂಕಿಗೆ ವರ್ಗವಾಗಿ ಬಂದ ಒಂಟಿ ಗಂಡಸರು, ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ಎಲ್ಲರೂ ಕೋಣೆಯ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಾರೆ, ತಮ್ಮ ತಾಟು ತಾವೇ ತೊಳೆಯುತ್ತಾರೆ. ನಮ್ಮ ರಾಯಚೂರಿನ ಒಬ್ಬ ಹುಡುಗಿ ಒಂದು ದಿನ ತನ್ನ ಕ್ಲಾಸಿನವಳನ್ನು ಕರೆದುಕೊಂಡು ಬಂದಳು. ಎತ್ತರದ ಹುಡುಗಿ, ಕಪ್ಪು, ತಲೆಯ ತುಂಬ ಸಣ್ಣ ಸಣ್ಣ ಜಡೆ. ಆಫ್ರಿಕಾದ ಟಾಂಜಾನಿಯಾದವಳಂತೆ. ಅವತ್ತು ನನ್ನಲ್ಲಿ ಜೋಳದ ಹಿಟ್ಟು ಮುಗಿದಿತ್ತು, ಗೋಂಜಾಳದ, ಅಂದರೆ ಮೆಕ್ಕೆಜೋಳದ, ಹಿಟ್ಟಿನಲ್ಲಿ ಮುದ್ದೆ ತಿರುವಿದ್ದೆ. ನಮ್ಮವರೆಲ್ಲ ಮುಖ ಗಂಟು ಹಾಕಿ ಉಂಡರು. ಅವಳು ಮಾತ್ರ ಬೆರಳಿನಿಂದ ಒಂದು ತುತ್ತು ಮುರಿದು, ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿನಿಂದ ಕುಣಿ ಮಾಡಿ, ಪಲ್ಯ ತುಂಬಿಕೊಂಡು ಬಾಯಿಗೆ ಹಾಕಿದಳು. ಅವರ ಊರಿನಲ್ಲಿಯೂ ದಿನಾ ಇದೇ ಊಟವಂತೆ. ಮರುದಿನದಿಂದ ಅವಳು ಒಬ್ಬಳೇ ಬರತೊಡಗಿದಳು.

ಅವಳ ಹಿಂದಿಯೂ ಮುರುಕು, ನನ್ನ ಹಿಂದಿಯೂ ಮುರುಕು. ಆದರೆ ಮುರಿದ ಜಾಗ ಬೇರೆ ಬೇರೆ ಇದ್ದುದರಿಂದ ಹೆಂಗೋ ಮಾತು ನಡೆಯುತ್ತಿತ್ತು. ಮಿಕ್ಕವರು ನನಗೆ ಅವ್ವ ಅನ್ನುತ್ತಾರೆ ಎಂದು ಅವಳೂ ಅವ್ವ ಅಂದಳು. ನಾನು ಬೇಡ ಅನ್ನಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿದ ಮೇಲೂ ಅವಳು ಏಳಲಿಲ್ಲ. ಏನು ಎಂದು ಕೇಳಿದೆ. ಹಾಸ್ಟೆಲಿನಲ್ಲಿ ತಿಂಗಳ ಕೊನೆಗೆ ಜಾಗ ಬಿಡಲು ಹೇಳಿದ್ದಾರೆ, ಪರದೇಶದವರಿಗೆ ಎರಡೇ ವರ್ಷ ಅಲ್ಲಿ ಇರಲು ಬಿಡುವುದು, ಅವಳಿಗೆ ಇನ್ನೊಂದು ವರ್ಷದ ಓದು ಬಾಕಿ. ಕೋಣೆ ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ.

"ಈ ಊರಾಗ ಕೋಣೆಗೇನು ಬರ ಬಂದೈತಿ?" ಅಂದೆ.

"ಕೋಣೆ ಇದೆ ಅವ್ವ. ಸಹಿ ಇಲ್ಲ."

ಆಮೇಲೆ ಬಿಡಿಸಿ ಹೇಳಿದಳು. ಪರದೇಶದವರನ್ನು ಇಟ್ಟುಕೊಂಡ ಮನೆಯ ಮಾಲಕರು ಪೊಲೀಸ್ ಕಚೇರಿಗೆ ಫಾರಂ ತುಂಬಿ ಕೊಡಬೇಕು. ಬಾಡಿಗೆ ಕರಾರು, ಲೈಟ್ ಬಿಲ್ಲು, ಮಾಲಕರ ಸಹಿ, ಇಷ್ಟು ಬೇಕು. ಅವಳು ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿ ಮುಂದಿನ ತಿಂಗಳ ಮೊದಲ ವಾರ ಮುಗಿಯುತ್ತದೆ. ಫಾರಂ ಇಲ್ಲದಿದ್ದರೆ ಅದು ಮುಂದುವರಿಯುವುದಿಲ್ಲ. ಮುಂದುವರಿಯದಿದ್ದರೆ ಓದು ಅರ್ಧಕ್ಕೆ ಬಿಟ್ಟು ಊರಿಗೆ. ದುಡ್ಡು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಕೋಣೆ ಕೊಡುವವರು ಇದ್ದರು, ಸಹಿ ಹಾಕುವವರು ಇರಲಿಲ್ಲ.

ನನ್ನ ಜಾಗವೇ ಬಾಡಿಗೆಯದು, ಅದರಲ್ಲಿ ನಾನು ಯಾರನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಇದ್ದಿದ್ದರೂ ಇಟ್ಟುಕೊಳ್ಳುತ್ತಿದ್ದೆ ಎಂದು ಹೇಳುವುದಿಲ್ಲ. ಮುದುಕಿಗೆ ತನ್ನ ಮೂಲೆ ತನಗೆ ಬೇಕು. ಆದರೆ ಈ ಊರಿನ ಗಲ್ಲಿ ಗೊತ್ತು, ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಸಂಜೆಯ ಒಲೆ ಹಚ್ಚುವ ತನಕ ಮೂರು ತಾಸು ಖಾಲಿ. ನಡಿ ಅಂದೆ. ಅಹ್ಮದಾಬಾದಿನ ನರೋಡಾದಲ್ಲಿರುವ ನನ್ನ ಮಗಳು ಫೋನಿನಲ್ಲಿ ಬೈದಳು. "ಅವ್ವಾ, ನಿನಗ್ಯಾಕ ಊರ ಉಸಾಬರಿ? ಮೊಣಕಾಲು ಹಿಡಕೊಂಡು ಸುಮ್ಮನ ಕೂಡಬಾರದಾ?" ಕೂತರೆ ಮೊಣಕಾಲು ಇನ್ನೂ ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಿಲ್ಲ.

ಮೊದಲ ಮನೆಯವರು ಸೊಸೈಟಿಯ ನಿಯಮ ಹೇಳಿದರು. ನಿಯಮ ಎಲ್ಲಿ ಬರೆದಿದೆ ತೋರಿಸಿ ಅಂದೆ. ಸೆಕ್ರೆಟರಿ ಊರಲ್ಲಿಲ್ಲ ಅಂದರು. ಎರಡನೆಯ ಮನೆಯಲ್ಲಿ ದಲಾಲ ಮೊದಲೇ ಫೋನಿನಲ್ಲಿ ಮಾತಾಡಿದ್ದ, ಎಲ್ಲ ಒಪ್ಪಿಗೆಯಾಗಿತ್ತು. ಬಾಗಿಲು ತೆಗೆದ ಗಂಡಸು ಅವಳ ಮುಖ ನೋಡಿದವನೇ ಕೋಣೆ ನಿನ್ನೆಯೇ ಹೋಯಿತು ಅಂದ. ಗೇಟಿಗೆ ಬಾಡಿಗೆಗೆ ಇದೆ ಎನ್ನುವ ಹಲಗೆ ಇನ್ನೂ ತೂಗಾಡುತ್ತಿತ್ತು. ನಾನು ಅದನ್ನು ಕಿತ್ತು ಅವನ ಕೈಗೆ ಕೊಟ್ಟೆ. "ಕೋಣೆ ಹೋದ ಮ್ಯಾಲ ಇದ್ಯಾಕ ಬೇಕು? ನಮ್ಮಂಥ ಹುಚ್ಚರು ಬಂದಾರು." ಹುಡುಗಿ ನನ್ನ ಸೆರಗು ಹಿಡಿದು ಎಳೆದಳು. ಮೂರನೆಯ ಕಡೆ ಒಬ್ಬ ಹೆಂಗಸು ಒಳಗೆ ಕರೆದು ನೀರು ಕೊಟ್ಟಳು, ಚೆನ್ನಾಗಿ ಮಾತಾಡಿದಳು. ಆಮೇಲೆ ಮೀನು ತಿನ್ನುತ್ತೀಯಾ ಎಂದು ಕೇಳಿದಳು. ತಿನ್ನುತ್ತೇನೆ ಅಂದಳು ಹುಡುಗಿ.

ಹೊರಗೆ ಬಂದ ಮೇಲೆ ಬೈದೆ. "ತಿನ್ನು, ಯಾರು ಬ್ಯಾಡ ಅಂತಾರ? ಹೇಳಾಕ ಹೋಗಬ್ಯಾಡ."

"ಅವರು ಕೇಳಿದರು ಅವ್ವ."

"ಕೇಳಿದ್ದಕ್ಕೆಲ್ಲಾ ಹೇಳ್ಕೊಂತ ಹೋದರ ಬೀದ್ಯಾಗ ಮಲಗ್ತಿ."

ನಾವು ರಸ್ತೆ ದಾಟಿದೆವು. ಆಮೇಲೆ, "ಸುಳ್ಳು ಹೇಳಿ ಹೋದರೆ ಒಂದು ವರ್ಷ ದಿನಾ ಹೆದರಬೇಕು. ನಾನು ಓದಬೇಕು," ಅಂದಳು. ಉತ್ತರ ಹೊಳೆಯದಾಗ ನನಗೆ ಸಿಟ್ಟು ಬರುತ್ತದೆ. ಮನೆ ಮುಟ್ಟುವ ತನಕ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ.

ತಿಂಗಳು ಮುಗಿಯಲು ಒಂದು ವಾರ ಇರುವಾಗ ಒಂದು ಮನೆ ಸಿಕ್ಕಿತು. ನನ್ನ ಕುಪ್ಪಸ ಹೊಲಿಯುವ ಹೆಂಗಸಿನದು. ಫತೇಗಂಜ್‌ನಿಂದ ಆಚೆ, ರೈಲು ಹಳಿಯ ಹತ್ತಿರ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಕಡೆಯದು. ಹೊರಗಿನಿಂದ ಮೆಟ್ಟಿಲು, ಮೇಲೆ ಒಂದು ಕೋಣೆ, ಅದರಲ್ಲೇ ಒಂದು ಮೂಲೆಗೆ ಒಲೆ ಇಟ್ಟ ಕಟ್ಟೆ. ಅವಳ ಗಂಡ ಸೂರತ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಒಂದು ಅಂಗಡಿಯಲ್ಲಿದ್ದ, ಆ ಅಂಗಡಿ ಮುಚ್ಚಿ ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದ. ಬಾಡಿಗೆ ಅವಳಿಗೆ ಬೇಕಾಗಿತ್ತು. ಗಂಡನನ್ನು ಬಿಟ್ಟರೆ ಮನೆಯಲ್ಲಿ ಅವಳು, ಅವಳ ಮಾವ, ಇಬ್ಬರೇ. ಲೈಟ್ ಬಿಲ್ಲು ಮಾವನ ಹೆಸರಿನಲ್ಲಿತ್ತು. ಸಹಿ ಮಾವನದು, ಮಾತು ಸೊಸೆಯದು.

ಆಕೆಗೆ ನಾನು ಬೆನ್ ಅನ್ನುತ್ತಿದ್ದೆ, ಅಂದರೆ ಅಕ್ಕ. ಆಕೆ ನನಗೆ ಬಾ ಅನ್ನುತ್ತಿದ್ದಳು, ಅಂದರೆ ಅವ್ವ. ವಯಸ್ಸಿನ ಲೆಕ್ಕ ಸರಿಯಿಲ್ಲ, ಆದರೆ ಇಲ್ಲಿಯ ವಾಡಿಕೆ ಹಾಗೆ.

"ಬಾ, ಮೀನು ಮಾಂಸ ನನ್ನ ಒಲೆಯ ಮೇಲೆ ಬೇಡ," ಅಂದಳು ಬೆನ್.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು. "ಇಲ್ಲಿ ಮಾಡುವುದಿಲ್ಲ. ಹೊರಗೆ ಯಾವಾಗಲಾದರೂ ತಿನ್ನುತ್ತೇನೆ."

ಬೆನ್ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ, "ಹೊರಗಿನದು ಹೊರಗೆ," ಅಂದಳು.

ಮಾವ ಅಂಗಳದ ತೂಗುಮಂಚದಲ್ಲಿ ಕೂತಿದ್ದ. ತೊಂಬತ್ತಕ್ಕೆ ಹತ್ತಿರದವನು. ಹುಡುಗಿ ಯಾವ ದೇಶದವಳೆಂದು ಕೇಳಿದವನೇ ಕಾಲು ಊರಿ ತೂಗುಮಂಚ ನಿಲ್ಲಿಸಿದ. ಅವನು ಹುಟ್ಟಿದ್ದೇ ಅಲ್ಲಿಯಂತೆ. ಅವನ ಅಪ್ಪನದು ಅಲ್ಲಿ ದಿನಸಿ ಅಂಗಡಿ ಇತ್ತಂತೆ, ಮೀಸೆ ಬಂದ ಮೇಲೆ ಈ ದೇಶಕ್ಕೆ ಬಂದನಂತೆ. ಅವನು ಅವಳ ಭಾಷೆಯಲ್ಲಿ ಏನೇನೋ ನಾಲ್ಕೈದು ಮಾತು ಹೇಳಿದ, ಹೇಳಿ ಹಲ್ಲಿಲ್ಲದ ಬಾಯಿ ತುಂಬ ನಕ್ಕ. ಹುಡುಗಿಯೂ ನಕ್ಕಳು. ಆದರೆ ಅದು ತುಟಿಯ ಮೇಲಿನ ನಗು. ನಾನು ದಿನಾ ಊಟ ಬಡಿಸುವವಳು, ಯಾರ ನಗು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಾಗುತ್ತದೆ.

ದಾರಿಯಲ್ಲಿ ಕೇಳಿದೆ. "ಮುದುಕ ಏನಂದ?"

"ನೀರು ತಾ ಅಂದರು. ಬಾಗಿಲು ಮುಚ್ಚು. ಬೇಗ ಬೇಗ. ಚೀಲ ಎತ್ತು." ಅವಳು ಒಂದೊಂದನ್ನೇ ಹಿಂದಿಗೆ ತಿರುಗಿಸಿ ಹೇಳಿದಳು. "ಆಳುಗಳಿಗೆ ಹೇಳುವ ಮಾತು. ಅವರಿಗೆ ಅಷ್ಟೇ ಗೊತ್ತು."

"ಹಂಗಾದರ ಬ್ಯಾಡ ಬಿಡು."

"ಬೇಕು ಅವ್ವ. ಸಹಿ ಹಾಕುತ್ತಾರೆ."

ಸೋಮವಾರ ಕೋಣೆಗೆ ಹೋಗುವುದು ಎಂದಾಯಿತು. ಅವತ್ತೇ ಹಾಸ್ಟೆಲಿನ ಕೀಲಿ ಕೊಡಬೇಕಿತ್ತು, ಕೊಟ್ಟಳು. ಎರಡು ದೊಡ್ಡ ಚೀಲ, ಒಂದು ಬಕೆಟ್ಟು, ಒಂದು ಹೊದಿಕೆಯ ಗಂಟು, ಎಲ್ಲ ಒಂದೇ ಆಟೋದಲ್ಲಿ ಹಿಡಿಯಿತು. ಕಾಗದಗಳಿಗೆ ಸಂಜೆ ಸಹಿ ಹಾಕಿಸಿಕೊಳ್ಳಿ ಎಂದು ಬೆನ್ ಹೇಳಿದ್ದಳು. ಅವಳಿಗೂ ಅವತ್ತು ದೊಡ್ಡ ದಿನ. ಗಂಡನಿಗೆ ಸೂರತ್‌ನಲ್ಲಿ ಬೇರೆ ಅಂಗಡಿಯಲ್ಲಿ ಕೆಲಸ ಸಿಕ್ಕಿ, ಬೆಳಗಿನ ಗಾಡಿಗೆ ಹೋಗಿದ್ದ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಅನ್ನುವುದು ಸರಿಯಲ್ಲ, ನಾನು ಮಾಡಿದ್ದಕ್ಕೆ ಇಲ್ಲಿಯವರು ಯಾವ ಅರ್ಥ ಹಚ್ಚುತ್ತಾರೆ ಎಂದು ಗೊತ್ತಿರಲಿಲ್ಲ.

ಮಾಡಿದ್ದು ಇಷ್ಟು. ನಾನು ಅರ್ಧ ಲೀಟರ್ ಹಾಲು, ಒಂದು ಹೊಸ ಸಣ್ಣ ಪಾತ್ರೆ, ಒಂದು ಹಿಡಿ ಸಕ್ಕರೆ ತೆಗೆದುಕೊಂಡು ಹೋಗಿದ್ದೆ. ನಮ್ಮಲ್ಲಿ ಯಾರೇ ಹೊಸ ಮನೆಗೆ ಹೊಕ್ಕರೂ, ಅದು ಬಾಡಿಗೆಯದೇ ಇರಲಿ, ಒಲೆ ಹಚ್ಚಿ ಮೊದಲು ಹಾಲು ಉಕ್ಕಿಸದೆ ನೀರೂ ಕುಡಿಯುವುದಿಲ್ಲ. ಈ ಹುಡುಗಿಗೆ ಇಲ್ಲಿ ಅವ್ವನೂ ಇಲ್ಲ, ಅಜ್ಜಿಯೂ ಇಲ್ಲ, ಯಾರೋ ಒಬ್ಬರು ಮಾಡಬೇಕಲ್ಲ ಎಂದುಕೊಂಡೆ. ಅವಳ ಕೈಯಿಂದಲೇ ಒಲೆ ಹಚ್ಚಿಸಿದೆ. ಹಾಲು ಮೇಲೆ ಏರತೊಡಗಿದಾಗ ಅವಳು ಉರಿ ಸಣ್ಣ ಮಾಡಲು ಕೈ ಚಾಚಿದಳು. ನಾನು ಆ ಕೈಗೆ ಪಟ್ಟನೆ ಒಂದು ಹೊಡೆದೆ.

"ಬಿಡು. ಉಕ್ಕಲಿ."

"ಚೆಲ್ಲುತ್ತದೆ ಅವ್ವ."

"ಚೆಲ್ಲಲಿ ಅಂತಲೇ ಇಟ್ಟದ್ದು. ಮೂಡಲಕ್ಕ ಉಕ್ಕಿದರ ಭಾಳ ಛಲೋ."

ಹಾಲು ನಾಲ್ಕೂ ಕಡೆ ಉಕ್ಕಿ ಒಲೆಯ ಮೇಲೆ ಹರಿದು, ಕಟ್ಟೆಯಿಂದ ತೊಟ್ಟಿಕ್ಕಿತು. ಅವಳು ತಲೆ ಬಗ್ಗಿಸಿ, ಯಾವ ಕಡೆ ಜಾಸ್ತಿ ಹರಿಯಿತು ಎಂದು ಪರೀಕ್ಷೆಯ ಉತ್ತರ ನೋಡುವ ಹಾಗೆ ನೋಡುತ್ತಿದ್ದಳು. ಸುಟ್ಟ ಹಾಲಿನ ವಾಸನೆ ಕೆಳಗೆ ಹೋಯಿತು. ಬೆನ್ ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡೇ ಮೇಲೆ ಬಂದಳು. ಒಲೆ ನೋಡಿದಳು. ಅವಳ ಮುಖದ ರಕ್ತ ಇಳಿದುಹೋಯಿತು.

"ಬಾ, ಇದೇನು ಮಾಡಿದಿರಿ?"

ನಾನು ಹೆಮ್ಮೆಯಿಂದಲೇ ಹೇಳಿದೆ, ಹಾಲು ಉಕ್ಕಿಸಿದೆವು ಎಂದು.

ಅವಳು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಹುಡುಗಿಯನ್ನೇ ನೋಡುತ್ತಿದ್ದಳು. "ಇವತ್ತೇ ಆಗಬೇಕಿತ್ತಾ? ಅವರು ಇವತ್ತು ಬೆಳಿಗ್ಗೆ ಹೋಗಿದ್ದಾರೆ. ನನ್ನ ಒಲೆಯ ಮೇಲೆ ಹಾಲು ಚೆಲ್ಲಿದ್ದಾಳೆ. ಹಾಲು ಕಾಯಿಸಲು ಬಾರದವಳನ್ನು ನಾನು ಹೇಗೆ ಇಟ್ಟುಕೊಳ್ಳಲಿ?"

"ಬಾರದ್ದೇನು? ನಮ್ಮ ಕಡೆ ಇದು ಶುಭ," ಅಂದೆ ನಾನು.

"ನಿಮ್ಮ ಕಡೆ. ಮನೆ ನನ್ನದು."

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಹಾಲಿನಲ್ಲಿ ಅಶುಭ ನೋಡುವ ಜನರನ್ನು ಎಲ್ಲೂ ಕಂಡಿಲ್ಲ ಅಂದೆ. ಇನ್ನೂ ಒಂದೆರಡು ಮಾತು ಅಂದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಬೆನ್ ಒಂದೇ ಮಾತು ಹೇಳಿದಳು, ಸಾಮಾನು ಇಳಿಸಿ ಎಂದು. ನಾವು ಇಬ್ಬರು ಹೆಂಗಸರು ಹೀಗೆ ಎದುರುಬದುರು ನಿಂತಿರುವಾಗ ಹುಡುಗಿ ತನ್ನ ಗಂಟು ಬಿಚ್ಚಿ, ಒಂದು ಟವೆಲ್ ತೆಗೆದು, ಬಿಸಿ ಒಲೆಯನ್ನು ಒರೆಸುತ್ತಿದ್ದಳು. ಉಕ್ಕಿಸಿದವಳು ನಾನು, ಬೈಗುಳ ಅವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗಾಯಿತು.

ಎರಡು ಚೀಲ ಹೊರಲು ನನ್ನ ಕೈಲಿ ಆಗುವುದಿಲ್ಲ, ಅವನ್ನು ಬೆನ್ ಮೆಟ್ಟಿಲ ಕೆಳಗೆ ಇಡಲು ಬಿಟ್ಟಳು. ನಾಳೆ ಒಯ್ಯಿರಿ ಅಂದಳು. ಹುಡುಗಿ ನನ್ನ ಜೊತೆ ಬಂದಳು. ಅವತ್ತು ಸಂಜೆ ಊಟಕ್ಕೆ ಬಂದವರು ಎದ್ದು ಹೋದ ಮೇಲೆ ಅದೇ ನೆಲ ಒರೆಸಿ ಚಾಪೆ ಹಾಸಿದೆ. ನನ್ನ ಮಾಲಕ ಕಂಡರೆ ನನ್ನನ್ನೂ ಹೊರಗೆ ಹಾಕುತ್ತಾನೆ ಎಂದು ಗೊತ್ತಿತ್ತು. ಕಾಗದ ಒಪ್ಪಿಸಲು ಇನ್ನು ಮೂರೇ ದಿನ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು.

ನಾನು ಯೋಚನೆ ಮಾಡಿದ್ದು ಬೇರೆ. ಈ ಊರಿನ ನೀರು ಕುಡಿಯಲು ಹತ್ತಿ ಮೂವತ್ತೈದು ವರ್ಷ. ರೈಲ್ವೆ ಕ್ವಾರ್ಟರ್ಸಿನಲ್ಲಿ ಎಡಕ್ಕೆ ತಮಿಳರು, ಬಲಕ್ಕೆ ತೆಲುಗರು, ಹಿಂದೆ ನಮ್ಮವರೇ. ಎಲ್ಲರ ಮನೆಯಲ್ಲೂ ಹಾಲು ಉಕ್ಕುತ್ತಿತ್ತು. ಇಲ್ಲಿಯವರ ಅಂಗಡಿಯಲ್ಲಿ ಸಾಮಾನು ತಂದೆ, ಇಲ್ಲಿಯವರ ಕೈಯಿಂದ ಕುಪ್ಪಸ ಹೊಲಿಸಿದೆ, ಇಲ್ಲಿಯವರ ಭಾಷೆಯಲ್ಲಿ ಜಗಳ ಆಡಿದೆ. ಆದರೆ ಇಲ್ಲಿಯ ಒಬ್ಬ ಹೆಂಗಸಿನ ಒಲೆಯ ಹತ್ತಿರ ಒಂದು ದಿನ ಕೂತು ನೋಡಿರಲಿಲ್ಲ. ಕೂತಿದ್ದರೆ ಇಷ್ಟು ಸಣ್ಣ ಮಾತು ಗೊತ್ತಾಗುತ್ತಿತ್ತು.

ಬೆಳಿಗ್ಗೆ ಚೀಲ ತರುವ ನೆಪದಲ್ಲಿ ಇಬ್ಬರೂ ಹೋದೆವು. ಬೆನ್ ಮಿಷನ್ನಿನ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಮುದುಕ ತೂಗುಮಂಚದಲ್ಲಿದ್ದ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ರೂಢಿ ಇಲ್ಲ. ಗಂಡನಿಗೇ ಹೇಳಿದವಳಲ್ಲ. ಅದಕ್ಕೆ ನಡೆದದ್ದನ್ನೇ ಹೇಳಿದೆ.

"ಬೆನ್, ಹಾಲು ಚೆಲ್ಲಿದ್ದು ಆಕಿ ಅಲ್ಲ, ನಾ. ಆಕಿ ಉರಿ ಸಣ್ಣ ಮಾಡಾಕ ಹೋಗಿದ್ದಳು. ನಾ ಆಕಿ ಕೈಗೆ ಹೊಡೆದೆ."

"ಹೊಡೆದಿರಾ? ಯಾಕೆ?"

"ಹೊಸ ಮನಿಗೆ ಹೊಕ್ಕಾಗ ಹಾಲು ಉಕ್ಕಬೇಕು ನಮ್ಮಲ್ಲಿ. ಪಾತ್ರೆ ತುಂಬಿ ಹರದಂಗ ಮನಿ ತುಂಬಿ ಹರೀಲಿ ಅಂತ."

"ನಮ್ಮಲ್ಲಿ ಒಲೆಯ ಮೇಲೆ ಹಾಲು ಚೆಲ್ಲಿದರೆ ಮನೆಯಲ್ಲಿದ್ದದ್ದು ಹೊರಗೆ ಹರಿದುಹೋಗುತ್ತದೆ ಅನ್ನುತ್ತಾರೆ."

"ನನಗ ಗೊತ್ತಿರಲಿಲ್ಲ."

"ಎಷ್ಟು ವರ್ಷ ಆಯಿತು ಬಾ, ಇಲ್ಲಿಗೆ ಬಂದು?"

"ಮೂವತ್ತೈದು."

ಬೆನ್ ನಗಲಿಲ್ಲ. ಮುದುಕ ನಕ್ಕ, ನಕ್ಕು ಕೆಮ್ಮಿದ. "ನಾನು ಅಲ್ಲಿ ಹದಿನೆಂಟು ವರ್ಷ ಇದ್ದೆ," ಅಂದ. "ನನಗೂ ಏನೂ ಗೊತ್ತಿರಲಿಲ್ಲ."

ನಾನು ಬೆನ್‌ಗೆ ಹೇಳಿದೆ. "ಸಿಟ್ಟು ನನ್ನ ಮ್ಯಾಲ ಇರಲಿ. ಬೇಕಾದರ ನನ್ನ ಕುಪ್ಪಸ ಹೊಲಿಯಬ್ಯಾಡ. ಮ್ಯಾಲ ಇರಾಕಿ ನಾ ಅಲ್ಲ, ಆಕಿ. ಇನ್ನ ಎರಡು ದಿನಕ್ಕ ಕಾಗದ ಕೊಡದಿದ್ದರ ಆಕಿ ಓದು ಮುಗೀತು."

ಬೆನ್ ಕತ್ತರಿ ತೆಗೆದು ಇಟ್ಟಳು, ಮತ್ತೆ ತೆಗೆದಳು. ನಿನ್ನೆ ಸಂಜೆ ಮೂರು ಸಲ ಗಂಡನಿಗೆ ಫೋನ್ ಮಾಡಿದಳಂತೆ, ಎತ್ತಲಿಲ್ಲವಂತೆ. ಬೆಳಿಗ್ಗೆ ಅವನೇ ಮಾಡಿ, ದಿನವಿಡೀ ನಿಂತು ಕಾಲು ನೋಯುತ್ತಿದೆ ಅಂದನಂತೆ. ಬೇರೇನೂ ಹೇಳಲಿಲ್ಲವಂತೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ನನಗೂ ತಿಳಿಯಲಿಲ್ಲ. ಹೊಸ ಕೆಲಸದಲ್ಲಿ ಕಾಲು ನೋಯುವುದು ಕೆಲಸ ಇದೆ ಅನ್ನುವುದಕ್ಕೆ ಗುರುತು ಅಂದೆ. ಅದು ಸಮಾಧಾನಕ್ಕೆ ಹೇಳಿದ್ದಲ್ಲ, ನಲವತ್ತು ವರ್ಷ ಫಿಟ್ಟರನ ಕಾಲು ಒತ್ತಿದವಳ ಮಾತು.

"ಆ ಕೋಣೆಗೆ ಕೊಡ ಇಡಬೇಕು," ಅಂದಳು ಬೆನ್ ಕೊನೆಗೆ. "ಬಾಡಿಗೆಗೆ ಕೊಡುವುದು ತಾನೇ ಎಂದು ಇಟ್ಟಿರಲಿಲ್ಲ. ಅದಕ್ಕೇ ಹೀಗಾಯಿತೋ ಏನೋ."

ಇಲ್ಲಿ ಹೊಸ ಮನೆಗೆ ಹೋಗುವಾಗ ಮೊದಲು ನೀರು ತುಂಬಿದ ಕೊಡ ಒಳಗೆ ಹೋಗುತ್ತದೆ. ಬಾಯಿಗೆ ಎಲೆ, ಮೇಲೆ ತೆಂಗಿನಕಾಯಿ. ಅದನ್ನು ಹೊತ್ತು ಹೊಸ್ತಿಲು ದಾಟುವವಳು ಮನೆಯ ಮದುವೆಯಾಗದ ಮಗಳು ಆಗಿರಬೇಕು. ಬೆನ್‌ಗೆ ಮಕ್ಕಳಿಲ್ಲ. ನಾದಿನಿಯ ಮಗಳು ಅಹ್ಮದಾಬಾದಿನಲ್ಲಿ ಓದುತ್ತಾಳೆ, ಶನಿವಾರದ ಮೊದಲು ಬರುವುದಿಲ್ಲ. ನಾನು ಹೊರುವಂತಿಲ್ಲ, ವಿಧವೆ. ಶನಿವಾರ ಅಂದರೆ ಕಾಗದದ ದಿನ ಕಳೆದಿರುತ್ತದೆ. ಇದೆಲ್ಲ ಅವಳು ಹೇಳಿಕೊಳ್ಳುತ್ತಿರುವಾಗ ತೂಗುಮಂಚ ಕಿರ್ ಕಿರ್ ಅನ್ನುತ್ತಲೇ ಇತ್ತು. ಆಮೇಲೆ ನಿಂತಿತು.

"ಈ ಹುಡುಗಿಗೆ ಮದುವೆ ಆಗಿದೆಯಾ?" ಅಂದ ಮುದುಕ.

ಬೆನ್ ಮಾವನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಅವಳ ಮನಸ್ಸಿನಲ್ಲಿ ಏನು ಓಡಿತೋ ನಾನು ಹೇಳಲಾರೆ. ಕಡೆಗೆ ಅವಳು ಎದ್ದು ಅಟ್ಟದಿಂದ ತಾಮ್ರದ ಕೊಡ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ತಿಕ್ಕುತ್ತಲೇ ಹುಡುಗಿಗೆ ಹೇಳಿದಳು, "ಸ್ನಾನ ಆಗಿದೆಯಾ?"

"ಆಗಿದೆ."

"ತಲೆಗೆ?"

ಹುಡುಗಿ ತನ್ನ ಜಡೆಗಳನ್ನು ಮುಟ್ಟಿಕೊಂಡು, "ಇದಕ್ಕೆ ದಿನಾ ನೀರು ಹಾಕುವುದಿಲ್ಲ," ಅಂದಳು. ಬೆನ್ ಒಂದು ಗಳಿಗೆ ತಿಕ್ಕುವುದು ನಿಲ್ಲಿಸಿದಳು. "ಸರಿ, ಎರಡು ಹನಿ ಚಿಮುಕಿಸಿಕೋ," ಅಂದಳು.

ಕೊಡಕ್ಕೆ ನೀರು ತುಂಬಬೇಕು. ಮುದುಕ ಹುಡುಗಿಯ ಕಡೆ ಕೈ ಮಾಡಿ ಅವಳ ಭಾಷೆಯಲ್ಲಿ, "ಲೇತೆ ಮಾಜಿ," ಅಂದ. ನೀರು ತಾ ಎಂದು. ಹುಡುಗಿ ಕೊಡ ಕೈಗೆ ತೆಗೆದುಕೊಂಡವಳು ಅಲ್ಲೇ ನಿಂತಳು. ಈಗ ಇವಳು ಒಂದು ಮಾತು ಆಡಿದರೆ ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಮುದುಕನ ಮುಂದೆ ಸ್ವಲ್ಪ ಬಗ್ಗಿ, ಇಲ್ಲಿಯವರು ಅಜ್ಜನಿಗೆ ಅನ್ನುವ ಹಾಗೆ ದಾದಾ ಎಂದು ಕರೆದು, ಮಗುವಿಗೆ ಹೇಳಿಕೊಡುವ ಹಾಗೆ ನಿಧಾನ ಹೇಳಿದಳು.

"ದಾದಾ, ನಮ್ಮ ಮನೆಯಲ್ಲಿ ಹಾಗೆ ಹೇಳುವುದಿಲ್ಲ. ನಾಓಂಬಾ ಮಾಜಿ. ನೀರು ಕೇಳಿಕೊಳ್ಳುತ್ತೇನೆ ಅಂತ. ಮನೆಯವರಿಗೆ ಹೀಗೆ ಹೇಳುವುದು."

ಮುದುಕನ ಕಿವಿ ಮಂದ, ಮತ್ತೊಮ್ಮೆ ಹೇಳಿಸಿಕೊಂಡ. ಬಾಯಿ ಆಡಿಸಿದ. "ನಾಓಂಬಾ," ಅಂದ. "ಇದು ನನಗೆ ಯಾರೂ ಕಲಿಸಲಿಲ್ಲ." ಸಿಟ್ಟಾದನೋ ನಾಚಿದನೋ ತಿಳಿಯಲಿಲ್ಲ, ಮುಖದಲ್ಲಿ ಅಷ್ಟು ಸುಕ್ಕು ಇದ್ದರೆ ಎರಡೂ ಒಂದೇ ಥರ ಕಾಣುತ್ತದೆ. ಅವಳು ಹೋಗಿ ನೀರು ತುಂಬಿದಳು.

ಬೆನ್ ಎಲೆ ಇಟ್ಟಳು, ತೆಂಗಿನಕಾಯಿ ಇಟ್ಟಳು, ಕೊಡಕ್ಕೆ ಕುಂಕುಮ ಹಚ್ಚಿದಳು. ಕೊಡವನ್ನು ಹುಡುಗಿಯ ತಲೆಯ ಮೇಲೆ ಇಟ್ಟು, ಗಟ್ಟಿಯಾಗಿ ಹಿಡಿ ಎಂದಳು. ಹುಡುಗಿ ಕೈ ಬಿಟ್ಟೇ ಮೆಟ್ಟಿಲು ಹತ್ತಿದಳು. ಒಂದು ಹನಿಯೂ ತುಳುಕಲಿಲ್ಲ. ಬೆನ್ ಹಿಂದಿನಿಂದ, "ಹಿಡಿ, ಹಿಡಿ," ಅನ್ನುತ್ತಾ ಹತ್ತಿದಳು, ಅವಳ ಜೀವ ಕೈಯಲ್ಲಿತ್ತು. ಪಕ್ಕದ ಮನೆಯ ಇಬ್ಬರು ಹೆಂಗಸರು ಹೊರಗೆ ಬಂದು ನಿಂತು ನೋಡಿದರು. ಒಬ್ಬಳು ಏನೋ ಕೇಳಲು ಬಾಯಿ ತೆರೆದಳು. ಬೆನ್ ಮೇಲಿನಿಂದಲೇ, "ನಮ್ಮ ಬಾಡಿಗೆಯವಳು," ಅಂದಳು. ಮೊದಲು ಬಲಗಾಲು ಇಡು ಎಂದು ಒಳಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ನಾನು ಕೆಳಗೆ ಚೀಲಗಳ ಹತ್ತಿರ ನಿಂತಿದ್ದೆ. ವಿಧವೆಯನ್ನು ನಮ್ಮ ಊರಿನಲ್ಲೂ ಕೆಳಗೇ ನಿಲ್ಲಿಸುತ್ತಿದ್ದರು. ಅದರಲ್ಲಿ ಎರಡೂ ಊರಿನವರಿಗೆ ಒಮ್ಮತ.

ಆಮೇಲೆ ಕಾಗದ. ಹುಡುಗಿ ಫಾರಂ ತೆಗೆದಳು. ಮುದುಕ ಕನ್ನಡಕ ಹಾಕಿಕೊಂಡು ಓದಿದ. ಓದಲು ಬಹಳ ಹೊತ್ತು ತೆಗೆದುಕೊಂಡ. ಪೊಲೀಸರು ಮನೆಗೆ ಬರುತ್ತಾರಾ ಎಂದು ಕೇಳಿದ. ಒಂದು ಸಲ ಬಂದು ನೋಡಿ ಹೋಗಬಹುದು ಅಂದಳು ಅವಳು. ಬೆನ್‌ನ ಮುಖ ಮತ್ತೆ ಸಣ್ಣದಾಯಿತು. ಮುದುಕ ಪೆನ್ನು ಹಿಡಿದು ಸೊಸೆಯ ಕಡೆ ನೋಡಿದ.

"ಬರಲಿ," ಅಂದಳು ಬೆನ್. "ಚಹಾ ಮಾಡುತ್ತೇನೆ. ಚೆಲ್ಲದ ಹಾಗೆ."

ಅದು ನನಗೆ ಹೇಳಿದ್ದು. ನಾನು ಸುಮ್ಮನೆ ಹೇಳಿಸಿಕೊಂಡೆ.

ಮುದುಕ ಸಹಿ ಹಾಕಿದ. ಲೈಟ್ ಬಿಲ್ಲಿನ ಹೆಸರಿಗೂ ಇದಕ್ಕೂ ಹೊಂದದಿದ್ದರೆ ಎಂದು ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಹೊಂದಿತ್ತು. ಕರಾರಿಗೂ ಹಾಕಿಸಿಕೊಂಡಳು. ನನ್ನನ್ನು ಸಾಕ್ಷಿ ಹಾಕಲು ಹೇಳಿದರು. ನನಗೆ ಬರುವುದು ಕನ್ನಡದ ಸಹಿ ಮಾತ್ರ, ಅದೂ ಮೂರನೇ ಇಯತ್ತೆಯಲ್ಲಿ ಕಲಿತದ್ದು. ಹಾಕಿದೆ. ಪೊಲೀಸ್ ಕಚೇರಿಯಲ್ಲಿ ಇದು ಯಾವ ಭಾಷೆ ಎಂದು ಕೇಳಿದರೆ ಏನು ಹೇಳಲಿ ಅಂದಳು ಹುಡುಗಿ. ನನ್ನನ್ನು ಕರೀ, ನಾ ಬಂದು ಹೇಳ್ತೀನಿ ಅಂದೆ.

ಅವರು ಕೇಳಲಿಲ್ಲ. ಕಾಗದ ಮರುದಿನ ಒಪ್ಪಿಸಿದಳು, ತೆಗೆದುಕೊಂಡು ರಸೀದಿ ಕೊಟ್ಟರಂತೆ. ಓದು ಮುಗಿಯುವ ತನಕ ಪರವಾನಗಿ ಸಿಕ್ಕಿತು ಎಂದು ಕೆಲವು ವಾರದ ಮೇಲೆ ಊಟದ ಹೊತ್ತಿನಲ್ಲಿ ಹೇಳಿದಳು. ಆದರೆ ಅದು ಆಮೇಲಿನದು.

ಅವತ್ತು ಸಹಿ ಆದ ಮೇಲೆ ಇಬ್ಬರೂ ಚೀಲ ಮೇಲೆ ಸಾಗಿಸಿದೆವು. ಅವಳು ಎರಡು, ನಾನು ಬಕೆಟ್ಟು. ಕೊಡ ಮೂಲೆಯಲ್ಲಿ ಇತ್ತು. ಒಲೆಯನ್ನು ಬೆನ್ ತೊಳೆದು ಒರೆಸಿ ಇಟ್ಟಿದ್ದಳು. ನನಗೆ ತಡವಾಗುತ್ತಿತ್ತು, ಮಧ್ಯಾಹ್ನದ ಊಟಕ್ಕೆ ಹನ್ನೆರಡು ಜನ ಬರುವವರು ಇದ್ದರು, ಇನ್ನೂ ಬೇಳೆಗೆ ಕೈ ಹಚ್ಚಿರಲಿಲ್ಲ. ಊಟಕ್ಕೆ ಬಾ ಅಂದೆ. ಬರುತ್ತೇನೆ ಅವ್ವ, ಸ್ವಲ್ಪ ಹೊತ್ತು ಅಂದಳು. ನಾನು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಮತ್ತೆ ತೆಗೆದಳು, ಮತ್ತೆ ಹಾಕಿದಳು, ಇದು ತನ್ನದೇ ಬಾಗಿಲು ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ. ಎರಡನೆಯ ಸಲ ಹಾಕಿದ ಮೇಲೆ ತೆಗೆಯಲಿಲ್ಲ. ನಾನು ಕಟಾಂಜನ ಹಿಡಿದುಕೊಂಡು ಮೆಟ್ಟಿಲು ಇಳಿದೆ.